ಇವರ ಕೈಗೆ ಹೊಲಿದ ಪ್ರೋಗ್ರಾಂ

ಸಂಗೀತ ಶಾಲೆಯಿಂದ ಬಂದ ಹೆಂಗಸು ಬ್ಯಾಡ್ಜುಗಳ ಚೀಲವನ್ನು ಮೇಜಿನ ಮೇಲಿಟ್ಟಾಗಲೇ ನನಗೆ ವಿಷಯ ಗೊತ್ತಾಯಿತು. ಪಾಪ, ಆಕೆ ಜಗಳಕ್ಕೆ ಬಂದವಳಲ್ಲ. ಒಂದು ಬ್ಯಾಡ್ಜ್ ಎತ್ತಿ ಹಿಡಿದು, "ಹೂವಿನ ಎಸಳು ಯಾಕೆ ಹೀಗೆ ಗರಗಸದ ಥರ ಬಂದಿದೆ?" ಎಂದು ಮೆಲ್ಲಗೆ ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಇವರು ಒಳಗಿನಿಂದ, "ಪೆನ್ನು ಹಾಳಾಗಿದೆ. ಬೇರೆ ಮಾಡಿಕೊಡ್ತೀವಿ," ಎಂದರು. ಹಾಗೆ ಹೇಳುವಾಗ ಬಲಗೈಯನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು.

ಪೆನ್ನಿಗೇನೂ ಆಗಿರಲಿಲ್ಲ. ಅದಕ್ಕೆ ಮುಂಚೆ ಕುರ್ಚಿ ಸರಿಯಿಲ್ಲ ಎಂದು ಕುರ್ಚಿ ಬದಲಾಯಿಸಿದ್ದರು. ಅದಕ್ಕೂ ಮುಂಚೆ ಮೇಜು ಅಲ್ಲಾಡುತ್ತದೆ ಎಂದು ಅದರ ಕಾಲಿನ ಕೆಳಗೆ ರಟ್ಟು ಇಟ್ಟಿದ್ದರು. ಫ್ಯಾನಿನ ಮೇಲೂ ಒಂದು ಸಲ ತಪ್ಪು ಹೊರಿಸಿದ್ದುಂಟು. ಇವರ ಕೈಯೊಂದನ್ನು ಬಿಟ್ಟು ಅಂಗಡಿಯಲ್ಲಿದ್ದ ಎಲ್ಲ ಸಾಮಾನೂ ಅಪರಾಧಿಯಾಗಿತ್ತು.

ನಮ್ಮದು ಕಸೂತಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಇವರು, ಅಂದರೆ ನನ್ನ ಗಂಡ, ಕಂಪ್ಯೂಟರಿಗೆ ಜೋಡಿಸಿದ ಹಲಗೆಯಂಥ ಟ್ಯಾಬ್ಲೆಟ್ಟಿನ ಮೇಲೆ ಪೆನ್ನಿನಲ್ಲಿ ಚಿತ್ರ ಬರೆಯುತ್ತಾರೆ. ನಾದಿನಿ ಅದನ್ನು ಮೆಷಿನ್ನಿಗೆ ಕಳಿಸಿ, ದಾರ ಹಾಕಿ, ಹೊಲಿಸುತ್ತಾಳೆ. ಬಟ್ಟೆ ಕತ್ತರಿಸುವುದು, ಅಂಚು ಕಟ್ಟುವುದು, ಗಿರಾಕಿಗಳ ಹತ್ತಿರ ಮಾತಾಡುವುದು ನನ್ನ ಪಾಲು. ಮಾತಿನಲ್ಲಿ ನನ್ನದು ಎತ್ತಿದ ಕೈ ಎಂದು ಇಬ್ಬರೂ ಒಪ್ಪುತ್ತಾರೆ, ಬೇರೆ ಯಾವುದನ್ನೂ ಒಪ್ಪದಿದ್ದರೂ.

ಕಸೂತಿ ಮೆಷಿನ್ನಿಗೆ ದಾಕ್ಷಿಣ್ಯ ಅನ್ನುವುದಿಲ್ಲ. ಗೆರೆ ಹೇಗಿದೆಯೋ ಹಾಗೇ ಹೊಲಿಯುತ್ತದೆ. ಕೈ ಒಂದಿಷ್ಟು ಅದುರಿದರೆ ಆ ಅದುರನ್ನೂ ಕೆಂಪು ದಾರದಲ್ಲಿ ಬಿಗಿಯಾಗಿ ಹೊಲಿದು ಕೈಗೆ ಕೊಡುತ್ತದೆ. ಆಮೇಲೆ ಅದನ್ನು ಬಿಚ್ಚುವ ಕೆಲಸ ನನಗೆ.

ಡಾಕ್ಟರಿಗೆ ತೋರಿಸಿರಲಿಲ್ಲ ಎಂದಲ್ಲ. ಗಾಬರಿ ಪಡುವಂಥ ರೋಗವಲ್ಲ, ಕೆಲವರ ಮನೆತನದಲ್ಲಿ ವಯಸ್ಸಾದಂತೆ ಕೆಲಸ ಮಾಡುವಾಗ ಕೈ ನಡುಗುತ್ತದೆ, ಅಷ್ಟೇ ಎಂದಿದ್ದರು. ನಮ್ಮ ಮಾವನವರಿಗೂ ಹಾಗೇ ಇತ್ತಂತೆ. ಕೊಟ್ಟ ಮಾತ್ರೆ ನುಂಗಿದರೆ ಇವರಿಗೆ ನಿದ್ದೆ ಎಳೆಯುತ್ತಿತ್ತು. ಎರಡು ಸಲ ಟ್ಯಾಬ್ಲೆಟ್ಟಿನ ಮೇಲೇ ತಲೆಯಿಟ್ಟು ಮಲಗಿದ್ದನ್ನು ನೋಡಿ ನಾನೇ ಮಾತ್ರೆ ಬೇಡ ಎಂದೆ. ನಡುಕ ಹೇಗೂ ನಿಂತಿದೆ ಎಂದರು ಇವರು. ಅಲ್ಲಿಂದ ಮುಂದೆ ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೈ ಇನ್ನೂ ನಡುಗುತ್ತದೆ ಎಂದು ಇವರು ಹೇಳಲಿಲ್ಲ. ನನಗೆ ಕಾಣುತ್ತದೆ ಎಂದು ನಾನೂ ಹೇಳಲಿಲ್ಲ.

ಬ್ಯಾಡ್ಜು ವಾಪಸ್ ಬಂದ ದಿನ ಊಟದ ಹೊತ್ತಿಗೆ ಇವರು ತಟ್ಟೆ ನೋಡುತ್ತಾ ಹೇಳಿದರು. "ಸ್ಕೂಲಿನ ಚಿತ್ರದ ಮೇಷ್ಟ್ರು ಮುಂದಿನ ತಿಂಗಳು ಮೊದಲನೇ ಭಾನುವಾರ ಬರ್ತಾರೆ. ಟ್ಯಾಬ್ಲೆಟ್ ಅವರಿಗೆ ಕೊಡ್ತಿದ್ದೀನಿ. ಮಕ್ಕಳಿಗಾದ್ರೂ ಉಪಯೋಗಕ್ಕೆ ಬರಲಿ."

"ಮತ್ತೆ ನೀವು?"

"ರೆಡಿಮೇಡ್ ಡಿಸೈನು ಬೇಕಾದಷ್ಟು ಸಿಗುತ್ತೆ. ಎಲ್ಲರೂ ಅದನ್ನೇ ಹಾಕೋದು. ನಾನೊಬ್ಬ ಯಾಕೆ ಬರೀತಾ ಕೂರಬೇಕು?"

ನಾದಿನಿ ನನ್ನ ಮುಖ ನೋಡಿದಳು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ, ಇಲ್ಲದಿದ್ದರೆ ಅಲ್ಲೇ ಅಳುತ್ತಿದ್ದೆ. ಇವರು ಒಂದು ಎಲೆ ಬರೆದರೆ ಆ ಎಲೆಗೆ ಯಾವ ಕಡೆಯಿಂದ ಗಾಳಿ ಬೀಸುತ್ತಿದೆ ಎಂದು ಹೇಳಬಹುದಿತ್ತು. ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ಇವರು ಮನಸ್ಸು ಬಿಚ್ಚಿದ್ದೆಲ್ಲ ಆ ಪೆನ್ನಿನಲ್ಲೇ. ಅದನ್ನೂ ಕೊಟ್ಟುಬಿಟ್ಟರೆ ಅಂಗಡಿಯ ಮೂಲೆಯಲ್ಲಿ ಕೂತು ರಸ್ತೆ ನೋಡುವ ಮನುಷ್ಯನಾಗುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ಆ ಮನುಷ್ಯ ನನಗೆ ಬೇಡವಾಗಿತ್ತು.

ಮರುದಿನ ಮಧ್ಯಾಹ್ನ ಇವರು ಊಟ ಮಾಡಿ ಮೇಲೆ ಮಲಗಿದಾಗ ನಾನು ಕಂಪ್ಯೂಟರಿನ ಮುಂದೆ ಕೂತೆ. ನಾವು ಚಿತ್ರ ಬರೆಯಲು ಬಳಸುವ ಪ್ರೋಗ್ರಾಂ ಉಚಿತದ್ದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಬರವಣಿಗೆಯನ್ನು ತೆರೆದು ನೋಡಿ ತಿದ್ದಲೂಬಹುದು. ಅದನ್ನು ಬಳಸುವವರೆಲ್ಲ ಮಾತಾಡಿಕೊಳ್ಳುವ ಒಂದು ತಾಣವಿದೆ. ಅಲ್ಲಿ ಹುಡುಕಿದೆ, ಕೈ ನಡುಗುವವರು ಏನು ಮಾಡುತ್ತಾರೆ ಎಂದು. ಒಬ್ಬರು ಅದಕ್ಕೆಂದೇ ಪ್ರೋಗ್ರಾಮಿಗೆ ಒಂದು ಭಾಗ ಸೇರಿಸಿದ್ದರು. ಪೆನ್ನು ಅದುರಿದರೂ ಗೆರೆ ಅದುರದಂತೆ ಮಾಡುವ ಭಾಗ. ಬರೆದವರ ಹೆಸರಿನ ಜಾಗದಲ್ಲಿ ಒಂದು ಗುಬ್ಬಿಯ ಚಿತ್ರವಿತ್ತು. ಗಂಡಸೋ ಹೆಂಗಸೋ, ಮುದುಕರೋ ಮಕ್ಕಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವರು ಗುಬ್ಬಿಯೇ.

ನಮ್ಮದು ವಿಂಡೋಸ್ ಕಂಪ್ಯೂಟರ್, ಇದನ್ನು ಹಾಕಿಕೊಳ್ಳುವುದು ಹೇಗೆ ಎಂದು ಬರೆದು ಕೇಳಿದೆ. ಗುಬ್ಬಿಯ ಉತ್ತರ ಸಂಜೆಯೊಳಗೆ ಬಂತು. ವಿಂಡೋಸಿಗೆ ಸಿದ್ಧ ಪ್ರೋಗ್ರಾಂ ಇನ್ನೂ ಯಾರೂ ಮಾಡಿಲ್ಲ, ಬರೆದ ಕೋಡ್ ಮಾತ್ರ ಇದೆ, ಕಂಪೈಲರ್ ಉಚಿತವಾಗಿ ಸಿಗುತ್ತದೆ, ನೀವೇ ಮಾಡಿಕೊಳ್ಳಬಹುದು.

ನನಗೆ ಮೈಯೆಲ್ಲ ಉರಿಯಿತು. ಹೊಲಿದ ಅಂಗಿ ಕೇಳಿದವಳಿಗೆ ಬಟ್ಟೆಯನ್ನೂ ಅಳತೆಯನ್ನೂ ಕೈಗೆ ಕೊಟ್ಟು, ಹೊಲಿದುಕೋ ಹೋಗು ಎಂದ ಹಾಗಾಯಿತಲ್ಲ! ನಾದಿನಿಯ ಮುಂದೆ ಅರ್ಧ ಗಂಟೆ ಕೂಗಾಡಿದೆ. ಅವಳು ಬಾಬಿನ್ನಿಗೆ ದಾರ ಸುತ್ತುತ್ತಾ ಎಲ್ಲ ಕೇಳಿಸಿಕೊಂಡು, "ಹೊಲಿಯೋದು ನಿಮಗೆ ಬರುತ್ತಲ್ಲ ಅತ್ತಿಗೆ," ಎಂದಳು. ಅದೂ ನಿಜವೇ ಅನ್ನಿಸಿ ಬಾಯಿ ಮುಚ್ಚಿಕೊಂಡೆ.

ಹಾಗೆ ಶುರುವಾಯಿತು. ಕಂಪೈಲರ್ ಅಂದರೆ ಮನುಷ್ಯರು ಬರೆದದ್ದನ್ನು ಕಂಪ್ಯೂಟರು ನಡೆಸುವಂಥ ಪ್ರೋಗ್ರಾಂ ಆಗಿ ಮಾಡಿಕೊಡುವ ಉಪಕರಣ. ಅದಕ್ಕೆ ಚಂದದ ಗುಂಡಿಗಳಿಲ್ಲ, ಬಣ್ಣವಿಲ್ಲ. ಒಂದು ಕಪ್ಪು ಪರದೆ, ಅದರಲ್ಲಿ ನಾವೇ ಆಜ್ಞೆ ಟೈಪ್ ಮಾಡಬೇಕು. ಗುಬ್ಬಿ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಹೊಡೆದೆ. ಪರದೆ ತುಂಬಾ ತಪ್ಪುಗಳು ಸುರಿದವು. ಮತ್ತೆ ಹೊಡೆದೆ, ಮತ್ತೆ ಸುರಿದವು. ನಾದಿನಿ ಬಾಗಿಲಲ್ಲಿ ನಿಂತು, "ಯಾರ ಮೇಲೆ ಮಾಟ ಮಾಡ್ತಿದ್ದೀರಿ ಅತ್ತಿಗೆ?" ಎಂದು ನಕ್ಕಳು.

"ನಿನ್ನ ಮೇಲೇ. ಬಾಯಿ ಬಿದ್ದು ಹೋಗಲಿ ಅಂತ."

"ನನ್ನ ಬಾಯಿ ಬಿದ್ರೆ ನಿಮ್ಮ ಜೊತೆ ಮಾತಾಡೋರು ಯಾರು? ಅಣ್ಣನಾ?"

ನಾನು ಪ್ರತಿ ಸಲ ಪರದೆಯ ಕೊನೆಯಲ್ಲಿ ಕಂಡ ತಪ್ಪನ್ನು ಬರೆದು ಗುಬ್ಬಿಗೆ ಕಳಿಸುತ್ತಿದ್ದೆ. ಕೊನೆಯದನ್ನು ಬಿಡಿ, ಮೇಲೆ ಹೋಗಿ ಮೊದಲನೆಯ ತಪ್ಪು ಯಾವುದು ನೋಡಿ ಎಂದು ಗುಬ್ಬಿ ಹೇಳಿತು. ಉಳಿದವೆಲ್ಲ ಅದರಿಂದ ಹುಟ್ಟಿದವಂತೆ. ಇದನ್ನು ನನಗೆ ಹೇಳಿಕೊಡಬೇಕಾಗಿತ್ತೇ? ಒಂದು ಹೊಲಿಗೆ ತಪ್ಪಿದರೆ ಅದರ ಮುಂದಿನದ್ದೆಲ್ಲ ಸುಕ್ಕು ಬೀಳುತ್ತದೆ ಎಂದು ನಾನೇ ದಿನಾ ಹೇಳುವವಳು. ಮೇಲೆ ಹೋಗಿ ನೋಡಿದರೆ, ನಾನು ಫೋಲ್ಡರಿಗೆ ಇಟ್ಟ ಹೆಸರಿನ ಮಧ್ಯೆ ಒಂದು ಖಾಲಿ ಜಾಗ ಬಿಟ್ಟಿದ್ದೆ. ಅಷ್ಟಕ್ಕೇ ಆ ಉಪಕರಣ ದಾರಿ ತಪ್ಪಿ ಅಳುತ್ತಾ ಕೂತಿತ್ತು. ನನ್ನ ಎಷ್ಟೋ ಮಧ್ಯಾಹ್ನಗಳು ಆ ಖಾಲಿ ಜಾಗದಲ್ಲಿ ಬಿದ್ದುಹೋಗಿದ್ದವು. ಆಮೇಲೆ ಯಾವುದೋ ಒಂದು ಭಾಗ ಇಲ್ಲ ಎಂದಿತು, ತಂದುಕೊಟ್ಟೆ. ಇದ್ದದ್ದು ಹಳೆಯದು ಎಂದಿತು, ಹೊಸದು ತಂದೆ. ಮಾತ್ರೆ ನುಂಗದೆ ಹಟ ಮಾಡುವ ಮಗುವನ್ನು ಸುಧಾರಿಸಿದಂತೆ ಸುಧಾರಿಸಿದೆ. ಬೈಗುಳವೂ ಬೇಕಾದಷ್ಟು ಕೊಟ್ಟೆ.

ಒಂದು ದಿನ ತಪ್ಪು ಬರಲಿಲ್ಲ. ಸಾಲುಗಳು ಒಂದೊಂದಾಗಿ ಏರುತ್ತಾ ಹೋದವು, ಪಕ್ಕದಲ್ಲಿ ಶೇಕಡಾ ಎಷ್ಟಾಯಿತು ಎಂದು ತೋರಿಸುತ್ತಾ. ನೂರು ಮುಟ್ಟಿ ನಿಂತಿತು. ಕುರ್ಚಿಯಿಂದ ಎದ್ದು ನಾದಿನಿಯನ್ನು ತಬ್ಬಿಕೊಂಡೆ, ಅವಳ ಕೈಯಲ್ಲಿದ್ದ ದಾರದ ಉಂಡೆಗಳೆಲ್ಲ ನೆಲಕ್ಕೆ ಉರುಳಿದವು.

ಇವರಿಗೆ ತೋರಿಸುವ ಮುಂಚೆ ಪರೀಕ್ಷೆ ಮಾಡಬೇಕಲ್ಲ? ನನ್ನ ಕೈ ನಡುಗುವುದಿಲ್ಲ. ಬೇಕೆಂದೇ ನಡುಗಿಸಿದರೆ ಕುಣಿದ ಹಾಗಾಗುತ್ತದೆ. ಆಗ ನನ್ನ ಮಹಾ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಕಸೂತಿ ಮೆಷಿನ್ ಓಡುವಾಗ ಅದರ ಮೇಜು ಗಡಗಡ ಅದುರುತ್ತದೆ. ಟ್ಯಾಬ್ಲೆಟ್ಟನ್ನು ಅದರ ಮೇಲಿಟ್ಟು, ಮೆಷಿನ್ ಓಡಿಸಿ, ವೃತ್ತ ಬರೆದೆ. ಹಳೆಯ ಪ್ರೋಗ್ರಾಮಿನಲ್ಲಿ ವೃತ್ತದ ಸುತ್ತ ಮುಳ್ಳು ಎದ್ದಿತು. ನಮ್ಮ ಹೊಸದರಲ್ಲಿ ಮೊದಲು ಅಷ್ಟಿಷ್ಟು ಎದ್ದಿತು. ಗುಬ್ಬಿ ಹೇಳಿದ ಕಡೆ ಸಂಖ್ಯೆ ಬದಲಾಯಿಸಿ, ಮತ್ತೆ ಕಂಪೈಲ್ ಮಾಡಿ, ಮತ್ತೆ ಬರೆದೆ. ಹಾಗೇ ಬದಲಾಯಿಸುತ್ತಾ ಹೋಗಿ, ಕೊನೆಗೆ ವೃತ್ತ ಬಳೆಯ ಹಾಗೆ ದುಂಡಗೆ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಇವರನ್ನು ಕರೆದು ಕೂರಿಸಿದೆ. "ಒಂದು ಹೂವು ಬರೀರಿ."

"ಯಾಕೆ?"

"ಬರೀರಿ ಅಂದ್ರೆ ಬರೀರಿ."

ಇವರು ಬರೆದರು. ಪೆನ್ನು ಮುಂದೆ ಹೋಯಿತು, ಗೆರೆ ಹಿಂದಿನಿಂದ ಸ್ವಲ್ಪ ತಡವಾಗಿ ಬಂತು. ಬಂದ ಗೆರೆಯಲ್ಲಿ ಅದೇ ಗರಗಸ. ಒಂದು ಹಲ್ಲೂ ಬಿದ್ದಿರಲಿಲ್ಲ. ಇದು ಏನು ಪ್ರೋಗ್ರಾಂ ಎಂದು ಕೇಳಿದರು. ಕೈ ನಡುಗುವವರಿಗೆ ಅಂತಲೇ ಮಾಡಿದ್ದು ಎಂದೆ. ಬೇರೆ ಸಮಯವಾಗಿದ್ದರೆ ಮಾತನ್ನು ಸುತ್ತಿ ಬಳಸಿ ಹೇಳುತ್ತಿದ್ದೆನೇನೋ.

ಇವರು ಪೆನ್ನನ್ನು ನಿಧಾನವಾಗಿ ಕೆಳಗಿಟ್ಟರು. "ನಡುಕ ನಿಂತಿಲ್ಲ ಅಂತ ನಿಂಗೆ ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ್ಲೂ ಗೊತ್ತು ರೀ. ಪಕ್ಕದಲ್ಲಿ ಮಲಗೋಳಿಗೆ ಗೊತ್ತಾಗಲ್ವಾ? ಕಪ್ಪು ಹಿಡಿದಾಗ ಟೀ ಚೆಲ್ಲೋದು, ಗುಂಡಿ ಹಾಕೋವಾಗ ಬೆನ್ನು ತಿರುಗಿಸೋದು..."

"ಸಾಕು." ಎದ್ದು ಮೇಲೆ ಹೋದರು. ಇಷ್ಟು ದಿನ ಗೊತ್ತಿಲ್ಲದ ಹಾಗೆ ಇದ್ದು ಇವರ ಮರ್ಯಾದೆ ಕಾಪಾಡಿದ್ದೆ, ಒಂದೇ ಮಾತಿನಲ್ಲಿ ಅದನ್ನೂ ಕಳೆದೆ, ಪ್ರೋಗ್ರಾಮೂ ಕೈಕೊಟ್ಟಿತು.

ಗುಬ್ಬಿಗೆ ಎಲ್ಲ ಬರೆದೆ, ಮೆಷಿನ್ನಿನ ಮೇಲಿಟ್ಟು ಪರೀಕ್ಷೆ ಮಾಡಿದ್ದನ್ನೂ ಸೇರಿಸಿ. ಗುಬ್ಬಿ ಮೊದಲು ನಗುವ ಮುಖ ಕಳಿಸಿತು, ಆಮೇಲೆ ತಿಳಿಸಿ ಹೇಳಿತು. ಮೆಷಿನ್ನಿನ ಅದುರು ಸಣ್ಣದು, ಬಲು ವೇಗದ್ದು. ಮನುಷ್ಯರ ಕೈಯದು ನಿಧಾನ, ಅಗಲ. ನಾನು ಹಿಟ್ಟಿನ ಜರಡಿಯಲ್ಲಿ ಕಾಳು ಸೋಸಲು ಹೊರಟಿದ್ದೆ. ನಿಜವಾಗಿ ನಡುಗುವ ಕೈಯಿಂದ ಒಂದಷ್ಟು ನೆಟ್ಟಗಿನ ಗೆರೆ, ಒಂದಷ್ಟು ವೃತ್ತ ಬರೆಸಿ, ಪೆನ್ನು ಓಡಿದ ದಾರಿಯ ಫೈಲು ಕಳಿಸಿದರೆ ಅದಕ್ಕೆ ತಕ್ಕಂತೆ ಕೋಡ್ ತಿದ್ದಿ ಕೊಡುತ್ತೇನೆ ಎಂದಿತು. ಅವರಿಗೂ ಅಂಥ ಫೈಲು ಇದುವರೆಗೆ ಯಾರೂ ಕೊಟ್ಟಿರಲಿಲ್ಲವಂತೆ. ಕೈ ನಡುಗುವವರು ಕೇಳುತ್ತಾರೆ, ಹೇಳಿಕೊಳ್ಳುತ್ತಾರೆ, ಆದರೆ ಬರೆದು ತೋರಿಸು ಎಂದರೆ ಸುಮ್ಮನಾಗುತ್ತಾರಂತೆ.

ಭಾನುವಾರ ಹತ್ತಿರ ಬರುತ್ತಿತ್ತು. ನಾನು ಇವರ ಹಿಂದೆ ಬಿದ್ದೆ. ಕೇಳಿದೆ, ಬೇಡಿದೆ, ಮುಖ ಊದಿಸಿಕೊಂಡೆ, ಒಂದು ಹೊತ್ತು ಊಟ ಬಿಟ್ಟೆ. ಕೊನೆಗೆ ಶುಕ್ರವಾರ, "ಆಯ್ತು, ಬರೀತೀನಿ. ನೀನು ಹೊರಗೆ ಹೋಗು. ಅವಳನ್ನೂ ಕರ್ಕೊಂಡು ಹೋಗು," ಎಂದರು.

ನಾವಿಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ರಸ್ತೆಯಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು, "ಏನು, ಅಂಗಡಿಯಿಂದ ಓಡಿಸಿಬಿಟ್ರಾ?" ಎಂದು ಕೇಳಿದರು. ಒಳಗೆ ಚಿತ್ರ ನಡೀತಿದೆ ಎಂದು ನಾದಿನಿ ದೊಡ್ಡ ಕಲಾವಿದರ ಮನೆಯವಳಂತೆ ಹೇಳಿದಳು. ಸ್ವಲ್ಪ ಹೊತ್ತಿಗೆ ಇವರು ಬಾಗಿಲು ತೆಗೆದು, ಆಯ್ತು ಎಂದರು.

ಫೈಲು ಕಳಿಸಿದೆ. ಗುಬ್ಬಿ ತಿದ್ದಿದ ಕೋಡ್ ಶನಿವಾರ ಬೆಳಿಗ್ಗೆ ಬಂತು. ಕಂಪೈಲ್ ಮಾಡಿದೆ. ಈಗ ಆ ಕಪ್ಪು ಪರದೆಗೂ ನನಗೂ ಸ್ನೇಹ ಬೆಳೆದಿತ್ತು. ಇವರು ಬಂದು ಕೂತು ಒಂದು ಎಲೆ ಬರೆದರು. ನುಣ್ಣಗೆ ಬಂತು! ಇನ್ನೊಂದು ಎಲೆ ಅರ್ಧ ನುಣ್ಣಗೆ ಬಂತು. ಮೂರನೆಯದಕ್ಕೆ ಮತ್ತೆ ಗರಗಸ.

"ನೋಡಿದ್ಯಾ? ಆಗೋದಲ್ಲ ಇದು," ಎಂದು ಎದ್ದರು. ಗೆದ್ದವರ ದನಿಯಲ್ಲಿ ಹೇಳಲು ಹೊರಟಿದ್ದರು, ಆದರೆ ದನಿ ಒಡೆಯಿತು. ಆ ಮೊದಲನೇ ಎಲೆ ನುಣ್ಣಗೆ ಬಂದಾಗ ಇವರ ಮುಖ ಹೇಗಾಗಿತ್ತು ಎಂದು ನಾನು ನೋಡಿದ್ದೆ. ಇವರಿಗೂ ಆಸೆ ಇತ್ತು, ನನಗಿಂತ ಹೆಚ್ಚೇ ಇತ್ತು.

ಗುಬ್ಬಿಗೆ ತಿಳಿಸಿದೆ. ಗುಬ್ಬಿ ಬಹಳ ಸಂಕೋಚದಿಂದ ಒಂದು ಪ್ರಶ್ನೆ ಕೇಳಿತು. ನೀವು ಕಳಿಸಿದ ಫೈಲಿನಲ್ಲಿ ನಡುಕ ತುಂಬ ಕಮ್ಮಿ ಇದೆ, ನಿಜವಾಗಿ ಅವರೇ ಬರೆದದ್ದೇ? ನಾನು ಆ ಫೈಲನ್ನು ತೆರೆದು ನೋಡಿದೆ. ಅಲ್ಲಿಯವರೆಗೆ ತೆರೆದಿರಲಿಲ್ಲ. ಅಪ್ಪಟ ನೆಟ್ಟಗಿನ ಗೆರೆಗಳು, ಅಲ್ಲೊಂದು ಇಲ್ಲೊಂದು ಸಣ್ಣ ಅಲೆ.

ಮೆಟ್ಟಿಲು ಹತ್ತಿ ಮೇಲೆ ಹೋದೆ. ಇವರು ಕಿಟಕಿಯ ಹತ್ತಿರ ಕೂತಿದ್ದರು. ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತೆ. "ಶುಕ್ರವಾರ ಒಳಗೆ ಏನು ಮಾಡಿದ್ರಿ?"

"ಬರ್ದೆ."

"ಹೇಗೆ ಬರೆದ್ರಿ?"

ಬೈಸಿಕೊಳ್ಳುವ ಮಗುವಿನ ಹಾಗೆ, "ಎಡಗೈಯಲ್ಲಿ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಉಸಿರೂ ಹಿಡಿದಿದ್ದೆ," ಎಂದರು. "ಯಾರೋ ಏನೋ, ಗುರುತು ಪರಿಚಯ ಇಲ್ಲದವರು. ಅವರ ಮುಂದೆ ಅಷ್ಟು ಕೆಟ್ಟದಾಗಿ ಬರೀಬೇಕಾ ಅನ್ನಿಸ್ತು."

"ಅಯ್ಯೋ ದೇವ್ರೇ! ಅಳತೆ ಕೊಡೋವಾಗ ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ರೆ ಅಂಗಿ ಹೇಗೆ ಸರಿ ಹೋಗುತ್ತೆ ರೀ? ತಪ್ಪು ಅಳತೆ ಕೊಟ್ಟು ಆಮೇಲೆ ದರ್ಜಿಗೆ ಬೈಯೋ ಜಾತಿಯವರು ನೀವು!"

ನಾನು ಕೋಪದಲ್ಲೇ ಹೇಳಿದ್ದು. ಆದರೆ ಇವರ ತುಟಿ ಒಂದು ಕಡೆ ಎಳೆಯಿತು. ನಮ್ಮ ಅಂಗಡಿಗೆ ಬರುವ ಒಬ್ಬ ದಪ್ಪ ಗಿರಾಕಿ ಟೇಪು ಕಂಡ ಕೂಡಲೇ ಹೊಟ್ಟೆ ಎಳೆದು ಸೈನಿಕನಾಗುವುದು ಇಬ್ಬರಿಗೂ ನೆನಪಾಗಿರಬೇಕು. ಇವರು ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ನನಗೆ ಅಳು ಬಂದುಬಿಟ್ಟಿತು. ಇವರ ಬಲಗೈಯನ್ನು ಕಂಕುಳಿಂದ ಎಳೆದು ನನ್ನ ಎರಡು ಕೈಯಲ್ಲಿ ಹಿಡಿದುಕೊಂಡೆ. ಅದು ಹಿಡಿದ ಹಕ್ಕಿಯಂತೆ ಅಲ್ಲಾಡುತ್ತಿತ್ತು.

"ನನಗೆ ನೀವು ಬರೀಬೇಕು, ಅಷ್ಟೇ," ಎಂದೆ. "ಅಂಗಡಿಗೋಸ್ಕರ ಅಲ್ಲ. ನೀವು ಬರೀತಾ ಕೂತಿರೋದನ್ನ ನೋಡದೆ ನನಗೆ ಇರೋಕಾಗಲ್ಲ. ಕೈ ನಡುಗಿದ್ರೆ ನಡುಗಲಿ. ನನ್ನ ಮುಂದೆ ಯಾಕೆ ಮುಚ್ಚಿಡ್ತೀರಿ?"

ಇವರು ಕೈ ಬಿಡಿಸಿಕೊಳ್ಳಲಿಲ್ಲ. "ನೀನು ನೋಡಿದ್ರೆ ನನ್ನ ಮೇಲೆ ಕನಿಕರ ಪಡ್ತೀಯ ಅಂತ," ಎಂದರು ಮೆಲ್ಲಗೆ.

"ಕನಿಕರನಾ? ನನ್ನ ಬಾಯಿ ನೋಡಿದ್ರೆ ಕನಿಕರ ಪಡೋಳ ಥರ ಇದೆಯಾ?"

ಇಲ್ಲ ಎಂದು ಒಪ್ಪಿಕೊಂಡು ನನ್ನ ಹಿಂದೆಯೇ ಕೆಳಗಿಳಿದು ಬಂದರು. ಈ ಸಲ ನನ್ನನ್ನು ಹೊರಗೆ ಕಳಿಸಲಿಲ್ಲ. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ಪೆನ್ನು ಹಿಡಿದು ಗೆರೆ ಎಳೆದರು. ಕೈ ಹೇಗೆ ಹೋಗುತ್ತದೋ ಹಾಗೆ ಹೋಗಲು ಬಿಟ್ಟರು. ಗೆರೆ ಎತ್ತೆತ್ತಲೋ ಏರಿ ಇಳಿದು ಹೋಯಿತು. ನಾನು ಪಕ್ಕದಲ್ಲಿ ಕೂತು, ಇಷ್ಟು ವರ್ಷ ಓರೆಗಣ್ಣಿನಲ್ಲಿ ನೋಡಿದ್ದನ್ನು ಅವತ್ತು ನೇರವಾಗಿ ನೋಡಿದೆ. ನಾದಿನಿ ಮೆಷಿನ್ ನಿಲ್ಲಿಸಿ ನಿಂತಲ್ಲೇ ನಿಂತಿದ್ದಳು. ಇವರು ಅವಳನ್ನೂ ಹೊರಗೆ ಕಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಚಿತ್ರದ ಮೇಷ್ಟ್ರು ಬಂದು ಬಾಗಿಲು ತಟ್ಟಿದಾಗ ಕಪ್ಪು ಪರದೆಯಲ್ಲಿ ಗುಬ್ಬಿ ರಾತ್ರಿ ಮತ್ತೆ ತಿದ್ದಿ ಕಳಿಸಿದ ಕೋಡಿನ ಸಾಲುಗಳು ಓಡುತ್ತಿದ್ದವು. ಮೇಷ್ಟ್ರಿಗೆ ಕುರ್ಚಿ ಹಾಕಿ ಟೀ ಕೊಟ್ಟೆ. ಕಂಪೈಲ್ ಮುಗಿದದ್ದೇ ಇವರು ಕೂತು ಸಂಗೀತ ಶಾಲೆಯ ಹೂವನ್ನು ಬರೆಯಲು ಶುರು ಮಾಡಿದರು. ಪೆನ್ನು ನಡುಗುತ್ತಾ ಹೋಗುತ್ತಿತ್ತು. ಗೆರೆ ಒಂದು ಗಳಿಗೆ ತಡೆದು ಅದರ ಹಿಂದೆ ಬರುತ್ತಿತ್ತು, ನಡುಗದೆ. ಒಂದು ಎಸಳು, ಎರಡನೆಯದು, ಐದೂ ಎಸಳು. ಆಮೇಲೆ ಯಾರೂ ಕೇಳದಿದ್ದರೂ ಪಕ್ಕದಲ್ಲಿ ಒಂದು ಎಲೆ. ಎಡಗಡೆಯಿಂದ ಗಾಳಿ ಬೀಸುತ್ತಿತ್ತು.

ಮೇಷ್ಟ್ರು ಟೀ ಮುಗಿಸಿ, "ಹಾಗಾದ್ರೆ ಟ್ಯಾಬ್ಲೆಟ್ಟು?" ಎಂದರು.

"ಕೊಡಲ್ಲ ಮೇಷ್ಟ್ರೇ. ತಪ್ಪು ತಿಳ್ಕೋಬೇಡಿ, ಕೆಲಸ ಇದೆ," ಎಂದರು ಇವರು, ತಲೆ ಎತ್ತದೆ.

ನಾನು ಅಡುಗೆಮನೆಗೆ ಹೋಗಿ ಕೈ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಬಂದೆ.

ಗುಬ್ಬಿಗೂ ಸಂತೋಷವಾಯಿತು. ಸಂತೋಷದ ಜೊತೆ ಒಂದು ಕೋರಿಕೆಯೂ ಬಂತು. ಈ ಫೈಲನ್ನು ಪ್ರೋಗ್ರಾಮಿನ ಜೊತೆಯಲ್ಲೇ ಇಡಬಹುದೇ? ಮುಂದೆ ಯಾರು ಎಲ್ಲಿ ಇದನ್ನು ಕಂಪೈಲ್ ಮಾಡಿದರೂ, ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಲು ಈ ಗೆರೆಗಳೇ ಬಳಕೆಯಾಗುತ್ತವೆ. ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಅವರನ್ನು ಕೇಳಿಯೇ ಹೇಳಿ ಎಂದಿತ್ತು. ನಾನು ಇವರಿಗೆ ಓದಿ ಹೇಳಿದೆ.

"ಬೇಡ," ಎಂದರು ತಕ್ಷಣ. "ನೀನು ನೋಡಿದ್ದಾಯ್ತು, ಗುಬ್ಬಿ ನೋಡಿದ್ದಾಯ್ತು. ಊರಿಗೆಲ್ಲ ಯಾಕೆ? ಕೆಲಸ ಆಯ್ತಲ್ಲ, ಇಲ್ಲಿಗೆ ಬಿಡು."

ನಾನು ಒತ್ತಾಯ ಮಾಡಲಿಲ್ಲ. ಇವರು ಬಿಟ್ಟುಕೊಟ್ಟದ್ದೇ ಬಹಳವಾಗಿತ್ತು. ಬೇಡ ಎಂದು ಗುಬ್ಬಿಗೆ ಬರೆಯಲು ಕೀಲಿಮಣೆ ಎಳೆದುಕೊಂಡೆ. ಆಗ ನಾದಿನಿ ಮೆಷಿನ್ನಿನ ಹತ್ತಿರದಿಂದ ಬಂದು ನಮ್ಮಿಬ್ಬರ ನಡುವೆ ನಿಂತಳು. ಏನೂ ಹೇಳದೆ ಬಲಗೈ ಚಾಚಿ, ಬೆರಳು ಬಿಡಿಸಿ ಹಿಡಿದಳು. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಕಂಡಿತು. ಬೆರಳ ತುದಿಗಳು ಸಣ್ಣಗೆ, ಬಹಳ ಸಣ್ಣಗೆ ಅದುರುತ್ತಿದ್ದವು.

"ಯಾವಾಗಿಂದ?" ಎಂದರು ಇವರು.

"ಹೋದ ಚಳಿಗಾಲದಿಂದ." ಯಾವಾಗಲೂ ತಮಾಷೆ ಮಾಡುವವಳ ದನಿ ಸಣ್ಣದಾಗಿತ್ತು. "ಸೂಜಿ ಕಣ್ಣಿಗೆ ದಾರ ಹೋಗಲ್ಲ. ಕನ್ನಡಕ ಬದಲಾಯಿಸ್ಬೇಕು ಅಂತ ಹೇಳ್ಕೊಂಡು ಓಡಾಡ್ತಿದ್ದೀನಿ. ಅಪ್ಪಂದು ನಿಂಗೊಬ್ಬನಿಗೇ ಬಂದಿದೆ ಅಂದ್ಕೊಂಡಿದ್ಯಾ ಅಣ್ಣ?"

ದಿನಾ ಪಕ್ಕದಲ್ಲೇ ಕೂತು ಕೆಲಸ ಮಾಡುವವಳು. ಇವರ ಕೈ ಕಾಯುವುದರಲ್ಲಿ ನಾನು ಅವಳ ಕೈಯನ್ನು ನೋಡಿಯೇ ಇರಲಿಲ್ಲ. ಇವರು ತಂಗಿಯ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ತಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ತಾವಾಗಿ ಎದ್ದು ಆ ಕುರ್ಚಿಯನ್ನು ಇವರು ನನಗೂ ಎಂದೂ ಕೊಟ್ಟವರಲ್ಲ.

"ಕೂತ್ಕೋ."

"ನನಗೆ ಚಿತ್ರ ಬರೆಯೋಕೆ ಬರಲ್ಲ ಅಣ್ಣ."

"ಚಿತ್ರ ಅಲ್ಲ. ಗೆರೆ ಎಳಿ." ನನ್ನ ಕಡೆ ತಿರುಗಿ, "ಗುಬ್ಬಿಗೆ ಬರಿ. ನನ್ನದನ್ನ ಹಾಕ್ಕೊಳ್ಳಲಿ, ಇವಳದ್ದೂ ಕಳಿಸ್ತೀವಿ ಅಂತ. ಈಗಷ್ಟೇ ಶುರುವಾದವರಿಗೂ ಸರಿಯಾಗಿ ಬರಬೇಕಲ್ಲ," ಎಂದರು.

ನಾದಿನಿ ಪೆನ್ನು ಹಿಡಿದಳು. ಹಿಡಿದ ಕೂಡಲೇ ಅವಳ ಎಡಗೈ ತಾನಾಗಿ ಬಂದು ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಇವರು ಬಗ್ಗಿ, ತಮ್ಮ ನಡುಗುವ ಕೈಯಿಂದಲೇ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಹಿಡ್ಕೋಬೇಡ ಪುಟ್ಟಿ," ಎಂದರು. "ನಡುಗಲಿ ಬಿಡು."